ಐನೂರು ಮೈಲಿಗಳಾಚೆ ಹೋಗದ ಪತ್ರ

ಬರೆದ ಪತ್ರ ತಲುಪಲಿಲ್ಲವೆಂಬ ದೂರು ಅಂಚೆಯಷ್ಟೇ ಹಳೆಯದು. ಕಾಗದದ ಪತ್ರದ ವಿಷಯದಲ್ಲಿ ಈ ದೂರಿಗೆ ಉತ್ತರ ಹುಡುಕುವುದು ಸುಲಭವಲ್ಲ. ಪೆಟ್ಟಿಗೆಗೆ ಹಾಕಿದ ಸಾಧಾರಣ ಲಕೋಟೆ ಯಾವ ಚೀಲವನ್ನು ಸೇರಿತು, ಯಾವ ಊರಿನಲ್ಲಿ ಇಳಿಯಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಇಮೇಲಿನ ವಿಷಯ ಹಾಗಲ್ಲ. ಅದು ಹಾದುಹೋಗುವ ಪ್ರತಿಯೊಂದು ಯಂತ್ರವೂ ಪತ್ರದ ಮೇಲೆ ತನ್ನ ಮುದ್ರೆಯನ್ನೊತ್ತಿ, ಹೊತ್ತನ್ನು ನಮೂದಿಸಿ, ಮುಂದಿನ ಯಂತ್ರದೊಡನೆ ನಡೆಸಿದ ಮಾತುಕತೆಯನ್ನು ತನ್ನ ದಿನಚರಿಯಲ್ಲಿ ಬರೆದಿಡುವುದು. ಹೀಗಿದ್ದರೂ, "ನನ್ನ ಇಮೇಲ್ ಹೋಗುತ್ತಿಲ್ಲ" ಎಂದು ಬರುವ ವಿದ್ಯಾರ್ಥಿಯನ್ನು "ಎಲ್ಲಿಯವರೆಗೆ ಹೋಯಿತು?" ಎಂದು ನಾವು ಕೇಳಿದರೆ ಅವನು ನಮ್ಮ ಮುಖವನ್ನೇ ನೋಡುವನು. ಇಂಥ ಪ್ರಶ್ನೆಗೆ ಅರ್ಥವುಂಟೆಂಬುದೇ ಬಹುಮಂದಿಗೆ ತಿಳಿಯದು.

ಅರ್ಥವುಂಟು, ಉತ್ತರವೂ ಉಂಟು. ಒಂದು ಪ್ರಸಂಗದಲ್ಲಂತೂ ಆ ಉತ್ತರ ಮೈಲಿಗಳ ಲೆಕ್ಕದಲ್ಲಿಯೇ ದೊರೆಯಿತು. ಅದನ್ನು ತಿಳಿಯುವುದಕ್ಕೆ ಮೊದಲು ಇಮೇಲ್ ನಡೆಯುವ ದಾರಿಯನ್ನು ಸ್ವಲ್ಪ ನೋಡಿಕೊಳ್ಳಬೇಕು.

ನಾವು ಪತ್ರವನ್ನು ಬರೆದು ಕಳುಹಿಸುವ ಗುಂಡಿಯನ್ನು ಒತ್ತಿದಾಗ ಅದು ನೇರವಾಗಿ ಗೆಳೆಯನ ಬಳಿಗೆ ಹೋಗುವುದಿಲ್ಲ. ಮೊದಲು ನಮ್ಮ ಇಮೇಲ್ ಸೇವೆಯವರ ಸರ್ವರ್ ಯಂತ್ರಕ್ಕೆ ಹೋಗುವುದು. ಆ ಯಂತ್ರ ವಿಳಾಸದಲ್ಲಿರುವ ಸುರುಳಿ ಚಿಹ್ನೆಯ ಬಲಗಡೆಯ ಭಾಗವನ್ನು ಮಾತ್ರ ನೋಡುವುದು. ಈ ಚಿಹ್ನೆಯನ್ನು 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು ಬಳಕೆಗೆ ತಂದರು. ಅದರ ಎಡಕ್ಕಿರುವುದು ವ್ಯಕ್ತಿಯ ಹೆಸರು, ಬಲಕ್ಕಿರುವುದು ಮನೆತನದ ಹೆಸರು ಎಂದಿಟ್ಟುಕೊಳ್ಳಬಹುದು. ಈ ಮನೆತನದ ಪತ್ರಗಳನ್ನು ಸ್ವೀಕರಿಸುವ ಯಂತ್ರ ಯಾವುದೆಂದು ಇಂಟರ್ನೆಟ್ಟಿನ ಹೆಸರುಪಟ್ಟಿಯನ್ನು ವಿಚಾರಿಸಿಕೊಂಡು, ನಮ್ಮ ಸರ್ವರು ಆ ಯಂತ್ರವನ್ನು ಕರೆಯುವುದು. ಆಗ ಎರಡು ಯಂತ್ರಗಳ ನಡುವೆ ಒಂದು ಸಂಭಾಷಣೆ ನಡೆಯುವುದು.

ಈ ಸಂಭಾಷಣೆಯ ನಿಯಮಗಳನ್ನು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ 1982ರಲ್ಲಿ ಬರೆದು ಪ್ರಕಟಿಸಿದರು. ಅನಂತರ ತಿದ್ದುಪಡಿಗಳಾಗಿದ್ದರೂ ಅದರ ಬೆನ್ನೆಲುಬು ಇಂದಿಗೂ ಅದೇ. ಕರೆದೊಡನೆ ಎದುರಿನ ಯಂತ್ರ 220 ಎಂಬ ಸಂಖ್ಯೆಯಿಂದ ಮಾತು ಆರಂಭಿಸುವುದು, ಎಂದರೆ, "ಸಿದ್ಧನಿದ್ದೇನೆ, ಹೇಳು." ನಮ್ಮ ಯಂತ್ರ ತನ್ನ ಹೆಸರನ್ನು ಹೇಳಿಕೊಳ್ಳುವುದು, ಉತ್ತರ 250, ಎಂದರೆ "ಸರಿ." "ಕಳುಹಿಸುತ್ತಿರುವವರು ಇಂಥವರು." ಮತ್ತೆ 250. "ಸೇರಬೇಕಾದವರು ಇಂಥವರು." ಅಂಥವರು ಅಲ್ಲಿದ್ದರೆ 250, ಇಲ್ಲದಿದ್ದರೆ 550. "ಇಗೋ ಪತ್ರವನ್ನು ಓದುತ್ತೇನೆ." ಉತ್ತರ 354, "ಓದು, ಮುಗಿದಾಗ ಒಂದು ಸಾಲಿನಲ್ಲಿ ಚುಕ್ಕೆಯೊಂದನ್ನೇ ಇಡು." ಚುಕ್ಕೆ ಬಿದ್ದ ಮೇಲೆ ಕೊನೆಯ 250 ಬಂದಿತೆಂದರೆ ಪತ್ರದ ಹೊಣೆ ಆ ಕ್ಷಣದಿಂದ ಎದುರಿನ ಯಂತ್ರದ್ದು. ಇದನ್ನು ವಾಚಕರು ಚೆನ್ನಾಗಿ ನೆನಪಿಡಬೇಕು. ಪತ್ರ ಎಲ್ಲಿ ನಿಂತಿತೆಂಬ ಪ್ರಶ್ನೆಯ ನಿಜವಾದ ರೂಪ, ಕೊನೆಯ 250ನ್ನು ಹೇಳಿದ ಯಂತ್ರ ಯಾವುದು ಎಂಬುದೇ ಆಗಿದೆ.

ಮೂರಂಕಿಯ ಈ ಸಂಖ್ಯೆಗಳಲ್ಲಿ ಮೊದಲನೆಯ ಅಂಕಿಯೇ ಮುಖ್ಯ. 2 ಎಂದರೆ ಒಪ್ಪಿಗೆ; 3 ಎಂದರೆ ಮುಂದುವರಿಸು; 4 ಎಂದರೆ ಈಗಾಗದು, ಆಮೇಲೆ ಬಾ; 5 ಎಂದರೆ ಆಗದು. 4 ಬಂದರೆ ನಮ್ಮ ಸರ್ವರು ಪತ್ರವನ್ನು ಬಿಸುಡುವುದಿಲ್ಲ. ಸರದಿಯಲ್ಲಿಟ್ಟುಕೊಂಡು, ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಪ್ರಯತ್ನಿಸುವುದು. ನಾಲ್ಕೈದು ದಿನಗಳವರೆಗೂ ಕೈಬಿಡಬಾರದೆಂದು ನಿಯಮ. ಕೆಲವು ಯಂತ್ರಗಳು ಗುರುತಿಲ್ಲದವರ ಮೊದಲ ಪತ್ರಕ್ಕೆ ಬೇಕೆಂದೇ 4 ಎನ್ನುವುದುಂಟು. ಲಕ್ಷಗಟ್ಟಲೆ ಜಾಹೀರಾತುಗಳನ್ನು ತೂರಿ ಓಡುವವನು ಎರಡನೆಯ ಸಲ ಬರುವುದು ಅಪೂರ್ವ. ಪ್ರಾಮಾಣಿಕ ಸರ್ವರು ಬಂದೇ ಬರುವುದು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಹೊಸಬರಿಗೆ ಬರೆದ ಮೊದಲ ಪತ್ರ ಅರ್ಧ ಗಂಟೆ ತಡವಾಗಿ ಹೋಗಿ, ಎರಡನೆಯದು ಕ್ಷಣಮಾತ್ರದಲ್ಲಿ ತಲುಪುವುದು ಎಷ್ಟೋ ವೇಳೆ ಇದರಿಂದಲೇ.

5 ಬಂದರೆ ನಮ್ಮ ಸರ್ವರು ಪತ್ರವನ್ನು ನಮಗೇ ಮರಳಿಸುವುದು, ಕಾರಣವನ್ನೂ ಬರೆದಿರುವುದು. ಆದರೆ ಯಂತ್ರ ಬರೆದ ಇಂಗ್ಲಿಷ್ ಪತ್ರವೆಂದು ಅದನ್ನು ಓದದೆ ಅಳಿಸಿಹಾಕುವವರೇ ಹೆಚ್ಚು. ರಕ್ತಪರೀಕ್ಷೆಯ ವರದಿಯನ್ನು ಹರಿದುಹಾಕಿ ವೈದ್ಯರಲ್ಲಿಗೆ ಹೋದಂತಾಯಿತು. ಆ ಪತ್ರದಲ್ಲಿ ಚುಕ್ಕೆಗಳಿಂದ ಬಿಡಿಸಿದ ಇನ್ನೊಂದು ಸಂಖ್ಯೆ ಸಾಧಾರಣವಾಗಿ ಇದ್ದೇ ಇರುವುದು: 5.1.1 ಇದ್ದರೆ ಅಂಥ ವಿಳಾಸವಿಲ್ಲ, ಬಹುಶಃ ಅಕ್ಷರ ತಪ್ಪಿದೆ; 5.2.2 ಇದ್ದರೆ ಅವರ ಪೆಟ್ಟಿಗೆ ತುಂಬಿದೆ, 5.7 ಎಂದು ಆರಂಭವಾದರೆ ವಿಳಾಸ ಸರಿಯಾಗಿದ್ದರೂ ನಮ್ಮ ಪತ್ರವನ್ನು ಅವರು ನಂಬಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ.

ಪತ್ರದ ಗಾತ್ರದಿಂದಾಗುವ ತೊಡಕನ್ನೂ ಇಲ್ಲಿ ಹೇಳಿಬಿಡಬಹುದು. 25 ಮೆಗಾಬೈಟುಗಳವರೆಗೆ ಒಪ್ಪುವ ಸೇವೆಗೆ 20 ಮೆಗಾಬೈಟಿನ ಚಿತ್ರವನ್ನು ಲಗತ್ತಿಸಿ ಕಳುಹಿಸಿದರೂ ಅದು ಹಿಂದಿರುಗುವುದುಂಟು. 1982ರ ನಿಯಮಾವಳಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾಡಿದುದು. ಆದುದರಿಂದ ಚಿತ್ರ, ಧ್ವನಿ ಮೊದಲಾದವುಗಳ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆದು ಕಳುಹಿಸಬೇಕಾಗುವುದು. 20ರ ನಾಲ್ಕು-ಮೂರಾಂಶವೆಂದರೆ 26ನ್ನೂ ಮೀರಿತು. ನಮ್ಮ ಕನ್ನಡ ಲಿಪಿಯ ಪ್ರತಿಯೊಂದು ಸಂಕೇತಕ್ಕೂ ಇಂದಿನ ಪದ್ಧತಿಯಲ್ಲಿ ಮೂರು ಬೈಟುಗಳು ಬೇಕಾಗುವುವು. ಆದರೆ ಪತ್ರದ ಬರಹ ಎಷ್ಟೇ ಉದ್ದವಾದರೂ ಒಂದು ಛಾಯಾಚಿತ್ರದಷ್ಟು ತೂಗದು. ಕನ್ನಡದಲ್ಲಿ ಬರೆದರೆ ಪತ್ರ ಭಾರವಾಗುವುದೆಂಬ ಅಂಜಿಕೆ ಯಾರಿಗೂ ಬೇಡ.

ಇನ್ನು ಮುದ್ರೆಗಳ ವಿಷಯ. ಬಂದ ಯಾವುದೇ ಇಮೇಲಿನ ಮೂಲರೂಪವನ್ನು ತೋರಿಸುವ ಆಯ್ಕೆಯನ್ನು ಒತ್ತಿ ನೋಡಿದರೆ, 'ರಿಸೀವ್ಡ್' ಎಂದು ಆರಂಭವಾಗುವ ಸಾಲುಗಳು ತಲೆಯ ಭಾಗದಲ್ಲಿ ಕಾಣುವುವು. ಪ್ರತಿಯೊಂದು ಸರ್ವರೂ ತನ್ನ ಮುದ್ರೆಯನ್ನು ಎಲ್ಲಕ್ಕಿಂತ ಮೇಲೆ ಒತ್ತುವುದರಿಂದ ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದರಲ್ಲಿ 10:02:05 +0530 ಎಂದಿದ್ದು, ಅದರ ಮೇಲಿನದರಲ್ಲಿ 04:32:09 +0000 ಎಂದಿದ್ದರೆ ಪತ್ರ ಐದೂವರೆ ಗಂಟೆ ಹಿಂದಕ್ಕೆ ಹೋಯಿತೆಂದಲ್ಲ. ಮೊದಲನೆಯದು ಭಾರತದ ಕಾಲ, ಎರಡನೆಯದು ಗ್ರೀನಿಚ್ಚಿನ ಕಾಲ; ವ್ಯತ್ಯಾಸ ನಾಲ್ಕೇ ಸೆಕೆಂಡು. ಎಲ್ಲಿಯಾದರೂ ಎರಡು ಮುದ್ರೆಗಳ ನಡುವೆ ಮೂರು ಗಂಟೆ ಕಳೆದಿದ್ದರೆ ತಡೆ ಅಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಬಹುದು. ಯಾವುದಾದರೂ ಒಂದು ಯಂತ್ರದ ಗಡಿಯಾರ ತಪ್ಪಿದ್ದರೆ ಲೆಕ್ಕವೂ ತಪ್ಪುವುದು. ಕೆಳಗಿನ ಮುದ್ರೆಗಳನ್ನು ವಂಚಕರು ಕೃತಕವಾಗಿ ಸೃಷ್ಟಿಸಬಲ್ಲರು. ನಮ್ಮದೇ ಸೇವೆಯವರು ಒತ್ತಿದ ಮೇಲಿನ ಮುದ್ರೆಗಳನ್ನು ಮಾತ್ರ ಪೂರ್ತಿ ನಂಬಬಹುದು.

ಈಗ ಹಿಂದೆ ಹೇಳಿದ ಪ್ರಸಂಗಕ್ಕೆ ಬರೋಣ. ಅದು ನಡೆದುದು 1990ರ ದಶಕದ ನಡುಭಾಗದಲ್ಲಿ, ಅಮೆರಿಕದ ಚಾಪೆಲ್ ಹಿಲ್ ಎಂಬ ಊರಿನಲ್ಲಿರುವ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯ ಇಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಎಂಬವರು 2002ರಲ್ಲಿ ಇದನ್ನು ಬರೆದು ಹಂಚಿದರು. ಓದುವವರಿಗೆ ಸೊಗಸಾಗಲೆಂದು ಕೆಲವು ವಿವರಗಳನ್ನು ಸ್ವಲ್ಪ ಬದಲಾಯಿಸಿರುವುದಾಗಿ ಅವರೇ ಹೇಳಿಕೊಂಡಿದ್ದಾರೆ. ತಿರುಳು ಮಾತ್ರ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹಬ್ಬದೂಟದಂತಿದೆ.

ಒಂದು ದಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಹ್ಯಾರಿಸರಿಗೆ ದೂರವಾಣಿ ಮಾಡಿ, ತಮ್ಮ ವಿಭಾಗದಿಂದ 500 ಮೈಲಿಗಳಾಚೆಗೆ ಇಮೇಲ್ ಹೋಗುತ್ತಿಲ್ಲವೆಂದು ದೂರಿತ್ತರು. ಸರಿಯಾಗಿ ಹೇಳುವುದಾದರೆ 520 ಮೈಲಿ ಇರಬಹುದೆಂದು ಸೇರಿಸಿದರು. ಇಮೇಲ್ ಹಾಗೆ ದೂರವನ್ನು ನೋಡಿ ನಡೆಯುವುದಿಲ್ಲವೆಂದು ಹ್ಯಾರಿಸರು ಉತ್ತರ ಕೊಟ್ಟರು; ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ದೂರಿತ್ತವರು ಸಂಖ್ಯಾಶಾಸ್ತ್ರಜ್ಞರು. ತೊಂದರೆ ಕಂಡ ದಿನವೇ ಹೇಳದೆ, ಕೆಲವು ದಿನ ಸಾಕಷ್ಟು ಅಂಕಿ-ಅಂಶಗಳನ್ನು ಕೂಡಿಹಾಕಿ, ವಿಭಾಗದ ತಜ್ಞೆಯೊಬ್ಬರಿಂದ ನಕ್ಷೆಯನ್ನೂ ಬರೆಸಿಟ್ಟುಕೊಂಡಿದ್ದರು. ನಕ್ಷೆಯಲ್ಲಿ 500 ಮೈಲಿಗಳಿಗಿಂತ ತುಸು ಹೆಚ್ಚಿನ ತ್ರಿಜ್ಯದ ಒಂದು ವೃತ್ತವಿತ್ತು. ವೃತ್ತದ ಒಳಗೂ ಕೆಲವು ಸ್ಥಳಗಳಿಗೆ ಪತ್ರ ಹೋಗುತ್ತಿರಲಿಲ್ಲ, ಅಥವಾ ಒಮ್ಮೆ ಹೋಗಿ ಒಮ್ಮೆ ಹೋಗದೆ ಇರುತ್ತಿತ್ತು. ಹೊರಗೆ ಮಾತ್ರ ಎಂದೂ ಹೋದುದಿಲ್ಲ.

ಹ್ಯಾರಿಸರು ತಾವೇ ಪರೀಕ್ಷಿಸಿದರು. ಹತ್ತಿರದ ರಿಚ್‌ಮಂಡ್, ಅಟ್ಲಾಂಟಾ, ವಾಷಿಂಗ್ಟನ್ ನಗರಗಳಿಗೆ ಪತ್ರ ಹೋಯಿತು. 400 ಮೈಲಿ ದೂರದ ಪ್ರಿನ್ಸ್‌ಟನ್ನಿಗೂ ಹೋಯಿತು. 600 ಮೈಲಿ ದೂರದ ಮೆಂಫಿಸ್ಸಿಗೆ ಹೋಗಲಿಲ್ಲ. ಬಾಸ್ಟನ್ನಿಗೆ ಇಲ್ಲ, ಡೆಟ್ರಾಯಿಟ್ಟಿಗೆ ಇಲ್ಲ. 420 ಮೈಲಿಯ ನ್ಯೂಯಾರ್ಕಿಗೆ ಹೋಯಿತು. 580 ಮೈಲಿಯ ಪ್ರಾವಿಡೆನ್ಸಿಗೆ ಇಲ್ಲ. ಆಮೇಲೆ ಅವರು ಮಾಡಿದ ಪ್ರಯೋಗ ನಮ್ಮ ಮೆಚ್ಚುಗೆಗೆ ಪಾತ್ರವಾದುದು. ಅವರ ಗೆಳೆಯನೊಬ್ಬ ಉತ್ತರ ಕ್ಯಾರೊಲಿನಾದಲ್ಲಿಯೇ ಇದ್ದ. ಆದರೆ ಅವನ ಇಮೇಲ್ ಸೇವೆಯ ಯಂತ್ರ ಖಂಡದ ಇನ್ನೊಂದು ಅಂಚಿನ ಸಿಯಾಟಲ್‌ನಲ್ಲಿತ್ತು. ಅವನಿಗೆ ಬರೆದ ಪತ್ರ ಹೋಗಲಿಲ್ಲ. ಅಂದ ಮೇಲೆ ಓದುವವನ ದೂರ ಇಲ್ಲಿ ಮುಖ್ಯವಲ್ಲ, ಯಂತ್ರದ ದೂರವೇ ಮುಖ್ಯ. ಒಂದೊಂದೇ ಅಂಶವನ್ನು ಬದಲಾಯಿಸುತ್ತ ಉಳಿದವನ್ನು ಹಾಗೆಯೇ ಇರಿಸುವುದೆಂದು ಪ್ರಯೋಗಶಾಲೆಯಲ್ಲಿ ನಾವು ದಿನವೂ ಹೇಳುವ ಪಾಠ ಇದೇ ಅಲ್ಲವೆ?

ಈಚೆಗೆ ಏನಾದರೂ ಬದಲಾವಣೆಯಾಯಿತೆ ಎಂದು ಅವರು ಮೊದಲೇ ಕೇಳಿದ್ದರು. ಸಲಹೆಗಾರನೊಬ್ಬ ಬಂದು ಸರ್ವರಿನ ತಂತ್ರಾಂಶವನ್ನು ಸರಿಪಡಿಸಿ ಹೋಗಿದ್ದ. ಇಮೇಲ್ ವ್ಯವಸ್ಥೆಯನ್ನು ಮುಟ್ಟಲಿಲ್ಲವೆಂದು ಅವನು ಹೇಳಿದ್ದ. ಈಗ ಹ್ಯಾರಿಸರು ಸರ್ವರನ್ನು ನೇರವಾಗಿ ಕರೆದು ಅದರ 220ರ ಸಾಲನ್ನು ಓದಿದರು. ಆ ಸಾಲಿನಲ್ಲಿ ಯಂತ್ರ ತನ್ನ ತಂತ್ರಾಂಶದ ಹೆಸರನ್ನೂ ಹೇಳಿಕೊಳ್ಳುವುದುಂಟು. ಬರ್ಕ್ಲಿಯ ಎರಿಕ್ ಆಲ್‌ಮನ್ ರಚಿಸಿದ 'ಸೆಂಡ್‌ಮೇಲ್' ತಂತ್ರಾಂಶದ 8ನೆಯ ಆವೃತ್ತಿಯನ್ನು ಹ್ಯಾರಿಸರು ಅಲ್ಲಿ ಸ್ಥಾಪಿಸಿದ್ದರು. ಈಗ ಉತ್ತರ ಕೊಟ್ಟುದು ಹಳೆಯ 5ನೆಯ ಆವೃತ್ತಿ! ಯಂತ್ರದ ಕಾರ್ಯವ್ಯವಸ್ಥೆಯನ್ನು ಹೊಸದು ಮಾಡುವಾಗ ಅದರೊಡನೆ ಬಂದ ಹಳೆಯ ಸೆಂಡ್‌ಮೇಲ್ ಹೊಸದನ್ನು ತಳ್ಳಿ ಕುಳಿತಿತ್ತು. ಸೂಚನೆಗಳ ಕಡತ ಮಾತ್ರ 8ನೆಯ ಆವೃತ್ತಿಗೆ ಬರೆದುದೇ ಉಳಿದಿತ್ತು. ಅದರಲ್ಲಿಯ ಉದ್ದ ಹೆಸರಿನ ಸೂಚನೆಗಳು ಹಳೆಯದಕ್ಕೆ ಅರ್ಥವಾಗಲಿಲ್ಲ. ಅರ್ಥವಾಗದುದನ್ನು ಅದು ಬಿಟ್ಟುಬಿಟ್ಟಿತು. ಬಿಟ್ಟುಹೋದ ಬೆಲೆಗಳಲ್ಲಿ ಬಹುಪಾಲು ಸೊನ್ನೆಯಾದುವು.

ಸೊನ್ನೆಯಾದ ಬೆಲೆಗಳಲ್ಲಿ ಒಂದು, ಎದುರಿನ ಯಂತ್ರವನ್ನು ಕರೆದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂಬ ಅವಧಿ. ಸೊನ್ನೆ ಹೊತ್ತು ಕಾಯುವ ಯಂತ್ರ ಯಾರಿಗೂ ಪತ್ರ ಕಳುಹಿಸಬಾರದಷ್ಟೆ? ಆದರೆ ಯಂತ್ರಕ್ಕೆ ಹಲವು ಕೆಲಸಗಳಿರುವುವು. ಕರೆಯನ್ನು ಹಚ್ಚಿ, ಬೇರೆ ಕೆಲಸ ನೋಡಿ, ಮತ್ತೆ ಇತ್ತ ತಿರುಗಿ "ಅವಧಿ ಮೀರಿತು" ಎಂದು ಕರೆಯನ್ನು ಕಡಿದುಹಾಕುವುದಕ್ಕೆ ಅದಕ್ಕೆ 3 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತಿತ್ತೆಂದು ಹ್ಯಾರಿಸರು ಪ್ರಯೋಗದಿಂದ ಕಂಡುಕೊಂಡರು. ಆ ಅವಕಾಶದಲ್ಲಿ ಉತ್ತರ ಬಂದರೆ ಪತ್ರ ಹೋಯಿತು, ಇಲ್ಲವಾದರೆ ಇಲ್ಲ. ವಿಶ್ವವಿದ್ಯಾನಿಲಯದ ಒಳಜಾಲ ಬಹು ಚುರುಕಾಗಿದ್ದುದರಿಂದ ಅಲ್ಲಿ ತಡವಾಗುತ್ತಿರಲಿಲ್ಲ. ಉಳಿದುದು ದಾರಿಯ ದೂರವೊಂದೇ. ಅವರು 3 ಮಿಲಿಸೆಕೆಂಡಿನಲ್ಲಿ ಬೆಳಕು ಎಷ್ಟು ದೂರ ಹೋಗುವುದೆಂದು ಲೆಕ್ಕ ಹಾಕಿದರು. ಸೆಕೆಂಡಿಗೆ 2,99,792 ಕಿಲೋಮೀಟರುಗಳಂತೆ ಸುಮಾರು 899 ಕಿಲೋಮೀಟರು, ಎಂದರೆ 558 ಮೈಲಿ. ಐನೂರು ಮೈಲಿ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು!

ಕಥೆಯನ್ನು ಹೇಳುವವರು ಇಲ್ಲಿಗೇ ನಿಲ್ಲಿಸುವರು. ನಮ್ಮ ವಿದ್ಯಾರ್ಥಿಗಳು ನಿಲ್ಲಬಾರದು. ಈ ಲೆಕ್ಕದಲ್ಲಿ ಎರಡು ಕೊರತೆಗಳಿವೆ. ಕರೆ ಹೋಗಿ ಉತ್ತರ ಹಿಂದಿರುಗಿ ಬರಬೇಕಾದುದರಿಂದ ದೂರವನ್ನು ಎರಡು ಸಲ ದಾಟಬೇಕು. ಅಲ್ಲದೆ ಸಂಕೇತ ಸಾಗುವುದು ಶೂನ್ಯದಲ್ಲಲ್ಲ, ಗಾಜಿನ ತಂತುವಿನಲ್ಲಿ. ಗಾಜಿನ ವಕ್ರೀಭವನಾಂಕ ಸುಮಾರು 1.5 ಆದುದರಿಂದ ಅದರಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಮಾತ್ರ. ಹೀಗೆ ಲೆಕ್ಕ ಹಾಕಿದರೆ 3 ಮಿಲಿಸೆಕೆಂಡಿನಲ್ಲಿ 600 ಕಿಲೋಮೀಟರು, ಹೋಗಿಬರುವುದಕ್ಕೆ 300 ಕಿಲೋಮೀಟರು, ಅಥವಾ 190 ಮೈಲಿಗೂ ಕಡಿಮೆ. ಐನೂರು ಮೈಲಿ ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡುಗಳಾದರೂ ಬೇಕು. ಆದುದರಿಂದ ಯಂತ್ರ ಕಾಯುತ್ತಿದ್ದ ಹೊತ್ತು 3ಕ್ಕಿಂತ ಸಾಕಷ್ಟು ಹೆಚ್ಚಾಗಿದ್ದಿರಬೇಕೆಂದು ನಮಗೆ ತೋರುವುದು. ಇದರಿಂದ ಪ್ರಸಂಗದ ತಿರುಳಿಗೆ ಕುಂದಿಲ್ಲ. ಕಾಯುವ ಹೊತ್ತು ಕೆಲವೇ ಮಿಲಿಸೆಕೆಂಡುಗಳಾದರೆ ಪತ್ರದ ವ್ಯಾಪ್ತಿ ಕೆಲವೇ ನೂರು ಮೈಲಿಗಳಾಗುವುದು ಅನಿವಾರ್ಯ.

ನಕ್ಷೆಯ ವೃತ್ತವನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ. ಒಳಗೆ ಕೆಲವು ಸೋಲುಗಳಿದ್ದುವು, ಹೊರಗೆ ಒಂದೂ ಗೆಲುವಿರಲಿಲ್ಲ. ಈ ಅಸಮತೆಯಲ್ಲಿಯೇ ರೋಗದ ಗುಟ್ಟು ಅಡಗಿತ್ತು. ಹತ್ತಿರದ ಯಂತ್ರವೂ ನಿಧಾನಿಯಾದರೆ, ಅಥವಾ ದಾರಿ ಸುತ್ತುಬಳಸಾದರೆ, ಉತ್ತರ ತಡವಾಗಬಹುದು. ಆದರೆ ದೂರದ ಯಂತ್ರ ಎಷ್ಟೇ ಚುರುಕಾಗಿದ್ದರೂ ಬೆಳಕಿಗಿಂತ ಬೇಗ ಉತ್ತರಿಸಲಾರದು. ಬೆಳಕಿನ ವೇಗ ಮೇಲಣ ಮಿತಿಯೊಂದನ್ನು ಮಾತ್ರ ಹಾಕುವುದು. ಮುಖ್ಯಸ್ಥರು "ನಮ್ಮ ಇಮೇಲ್ ಸರಿಯಿಲ್ಲ" ಎಂದಷ್ಟೇ ಹೇಳಿದ್ದರೆ ಈ ಸುಳಿವು ಯಾರಿಗೂ ಸಿಕ್ಕುತ್ತಿರಲಿಲ್ಲ. ನಗೆಪಾಟಲಿಗೆ ಈಡಾಗುವಂಥ ಮಾತಾದರೂ ಅಳೆದು ನೋಡಿ ಹೇಳಿದುದರಿಂದ ಅದು ಕೆಲಸಕ್ಕೆ ಬಂದಿತು.

ಎಲ್ಲ ತೊಡಕುಗಳೂ ಇಷ್ಟು ಭೌತಿಕವಾಗಿರುವುದಿಲ್ಲ. ಒಂದು ವಿಳಾಸಕ್ಕೆ ಬರೆದರೆ ಅಲ್ಲಿಯ ಯಂತ್ರ ನೂರಾರು ಮಂದಿಗೆ ಹಂಚುವ ಗುಂಪುಪತ್ರಗಳನ್ನು ನೋಡಿ. ಇಮೇಲಿಗೆ ಲಕೋಟೆಯೂ ಉಂಟು, ಒಳಗಿನ ಕಾಗದವೂ ಉಂಟು. ಯಂತ್ರಗಳ ಸಂಭಾಷಣೆಯಲ್ಲಿ ಹೇಳುವ ಹೆಸರು ಲಕೋಟೆಯ ಮೇಲಿನದು, ನಮಗೆ ಕಾಣುವ ಹೆಸರು ಕಾಗದದ ಮೇಲಿನದು. ಹಿಂದೆ ಇವೆರಡೂ ಹೊಂದುತ್ತವೆಯೆ ಎಂದು ಯಾರೂ ನೋಡುತ್ತಿರಲಿಲ್ಲ. ಆದುದರಿಂದ ಯಾರ ಹೆಸರಿನಲ್ಲಿ ಯಾರು ಬೇಕಾದರೂ ಬರೆಯಬಹುದಾಗಿತ್ತು. ಇದನ್ನು ತಡೆಯಲು ಎರಡು ಉಪಾಯಗಳು ಬಂದುವು: ತಮ್ಮ ಪತ್ರಗಳನ್ನು ಯಾವ ಯಂತ್ರಗಳು ಕಳುಹಿಸಬಹುದೆಂದು ಸೇವೆಯವರು ಪಟ್ಟಿಯನ್ನು ಪ್ರಕಟಿಸುವುದು ಒಂದು, ಪತ್ರಕ್ಕೆ ಗಣಿತದ ಸಹಿಯನ್ನು ಹಾಕುವುದು ಇನ್ನೊಂದು. ಎರಡರಲ್ಲಿ ಒಂದಾದರೂ ಕಾಗದದ ಮೇಲಿನ ಹೆಸರಿಗೆ ಹೊಂದದಿದ್ದರೆ ಪತ್ರವನ್ನು ತಿರಸ್ಕರಿಸಿರೆಂದು 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆ ತನ್ನ ವಿಳಾಸಗಳ ಬಗ್ಗೆ ಸಾರಿತು.

ಪರಿಣಾಮವನ್ನು ನೀವೇ ಊಹಿಸಬಹುದು. ಗುಂಪಿನ ಯಂತ್ರ ಯಾಹೂವಿನ ಪಟ್ಟಿಯಲ್ಲಿಲ್ಲ. ಪತ್ರದ ತಲೆಗೆ ಗುಂಪಿನ ಹೆಸರನ್ನೋ ಬುಡಕ್ಕೆ ಒಂದು ಸಾಲನ್ನೋ ಸೇರಿಸುವುದರಿಂದ ಸಹಿಯೂ ಕೆಡುವುದು. ಯಾಹೂ ವಿಳಾಸದಿಂದ ಗುಂಪಿಗೆ ಬರೆದ ಪತ್ರಗಳನ್ನು ಬೇರೆ ದೊಡ್ಡ ಸೇವೆಗಳು 5 ಎಂದು ಹಿಂದಕ್ಕಟ್ಟಿದುವು. ಹಿಂದಕ್ಕೆ ಬಂದ ಪತ್ರಗಳನ್ನು ಎಣಿಸುತ್ತಿದ್ದ ಗುಂಪಿನ ಯಂತ್ರಗಳು, ಸ್ವೀಕರಿಸಬೇಕಾಗಿದ್ದವರ ವಿಳಾಸಗಳೇ ಕೆಟ್ಟಿವೆಯೆಂದು ಭಾವಿಸಿ ಅವರನ್ನು ಪಟ್ಟಿಯಿಂದ ತೆಗೆದುಹಾಕಿದುವು. ಬರೆದವನು ಒಬ್ಬ, ದಂಡ ತೆತ್ತವನು ಇನ್ನೊಬ್ಬ! ಈಗ ಬಹುಪಾಲು ಗುಂಪುಗಳ ಯಂತ್ರಗಳು ಇಂಥ ಪತ್ರಗಳನ್ನು ತಮ್ಮದೇ ವಿಳಾಸದಿಂದ ಹೊರಡುವಂತೆ ತಿದ್ದಿ ಹಂಚುವುವು. ಹೆಸರು ಗೆಳೆಯನದಾಗಿ ವಿಳಾಸ ಗುಂಪಿನದಾಗಿರುವ ಪತ್ರ ಬಂದರೆ ಬೆದರಬೇಕಾಗಿಲ್ಲ. ಉತ್ತರ ಬರೆಯುವಾಗ ಮಾತ್ರ ಯಾರಿಗೆ ಹೋಗುತ್ತಿದೆಯೆಂದು ನೋಡಿಕೊಳ್ಳಬೇಕು.

ಹ್ಯಾರಿಸರ ಅಳತೆಯನ್ನು ವಾಚಕರು ತಮ್ಮ ಮನೆಯಲ್ಲಿಯೇ ಮಾಡಿ ನೋಡಬಹುದು. ಯಾವುದೇ ಕಂಪ್ಯೂಟರಿನಲ್ಲಿ 'ಪಿಂಗ್' ಎಂಬ ಆಜ್ಞೆಯನ್ನು ಕೊಟ್ಟು ಒಂದು ಯಂತ್ರದ ಹೆಸರನ್ನು ಬರೆದರೆ, ಅಲ್ಲಿಗೆ ಹೋಗಿಬರಲು ಹಿಡಿದ ಹೊತ್ತು ಮಿಲಿಸೆಕೆಂಡುಗಳಲ್ಲಿ ತೋರುವುದು. ಬೆಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು 850 ಕಿಲೋಮೀಟರು. ಗಾಜಿನ ತಂತುವಿನಲ್ಲಿ ಹೋಗಿಬರಲು ಎಂಟೂವರೆ ಮಿಲಿಸೆಕೆಂಡಿಗಿಂತ ಕಡಿಮೆಯಾಗದು. ತಂತು ನೇರವಾಗಿ ಹಾದುಹೋಗದುದರಿಂದ ನಿಜವಾದ ಅಳತೆ ಅದರ ಎರಡರಷ್ಟು ಮೂರರಷ್ಟಿದ್ದರೂ ಸೋಜಿಗವಿಲ್ಲ. ಕ್ಯಾಲಿಫೋರ್ನಿಯದ ಸ್ಯಾನ್‌ಫ್ರಾನ್ಸಿಸ್ಕೋ ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರು ದೂರ. ಅಲ್ಲಿಂದ ಉತ್ತರ ಬರಲು ಕನಿಷ್ಠ 140 ಮಿಲಿಸೆಕೆಂಡು ಬೇಕು. ಆದರೆ ಕ್ಯಾಲಿಫೋರ್ನಿಯದ ಹೆಸರಾಂತ ಸಂಸ್ಥೆಯ ತಾಣವೊಂದನ್ನು ಕೇಳಿದರೆ ಹತ್ತೇ ಮಿಲಿಸೆಕೆಂಡಿನಲ್ಲಿ ಉತ್ತರ ಬಂದುಬಿಡಬಹುದು. ಹಾಗೆ ಬಂದಲ್ಲಿ, ಉತ್ತರವಿತ್ತ ಯಂತ್ರ ಬೆಂಗಳೂರಿಗೆ 1,000 ಕಿಲೋಮೀಟರುಗಳ ಒಳಗೇ ಎಲ್ಲಿಯೋ ಇದೆಯೆಂದು, ಯಾರನ್ನೂ ಕೇಳದೆ, ಕುಳಿತಲ್ಲಿಂದಲೇ ಹೇಳಬಹುದು.